ಕೊಟ್ಟಿಗೆಯ ಯಂತ್ರಗಳಿಗೆ ರಕ್ಷಣೆಯ ಸ್ವಿಚ್ಚುಗಳನ್ನು ಅಳವಡಿಸುವ ಕ್ರಮ

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ೧೯೦೨ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದು ಹೋಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದು ಗಣಿಗೂ ನಗರಕ್ಕೂ ಮೀಸಲಾಗಿದ್ದ ಆ ಶಕ್ತಿಯು ಇಂದು ಹಳ್ಳಿಯ ದನದ ಕೊಟ್ಟಿಗೆಯವರೆಗೂ ಬಂದಿರುತ್ತದೆ. ಮೇವು ಕತ್ತರಿಸುವುದು, ಅಡಿಕೆ ಸುಲಿಯುವುದು, ಹಿಟ್ಟು ಬೀಸುವುದು, ನೇಗಿಲು ಕುಂಟೆಗಳಿಗೆ ಬೇಕಾದ ಮರ ಕೊಯ್ಯುವುದು, ಕುಡುಗೋಲು ಮಚ್ಚುಗಳಿಗೆ ಸಾಣೆ ಹಿಡಿಯುವುದು, ಇವೆಲ್ಲವೂ ಈಗ ಮೋಟಾರಿನಿಂದ ನಡೆಯುವ ಕೆಲಸಗಳಾಗಿವೆ. ಇದರಿಂದ ಆಳುಗಳ ಶ್ರಮವೂ ಕಾಲವೂ ಉಳಿತಾಯವಾಗಿರುವುದು ಎಲ್ಲರೂ ಬಲ್ಲ ವಿಷಯ.

ಆದರೆ ಯಂತ್ರವನ್ನು ಕೊಳ್ಳುವಾಗ ಅದರ ಅಶ್ವಶಕ್ತಿಯನ್ನೂ ಬೆಲೆಯನ್ನೂ ವಿಚಾರಿಸುವವರು ಬಹುಮಂದಿ. ಅದನ್ನು ನಿಲ್ಲಿಸುವ ಬಗೆಯನ್ನು ವಿಚಾರಿಸುವವರು ವಿರಳ. ಎತ್ತು ಹೂಡಿ ಗಾಣ ತಿರುಗಿಸುತ್ತಿದ್ದ ಕಾಲದಲ್ಲಿ ಒಂದು ಕೂಗು ಕೇಳಿದೊಡನೆ ಎತ್ತು ನಿಲ್ಲುತ್ತಿತ್ತು. ಮೋಟಾರಿಗೆ ಕಿವಿಯಿಲ್ಲ. ಅದಕ್ಕೆ ಕಿವಿಯಾಗಿ ನಿಲ್ಲತಕ್ಕದ್ದು ಸ್ವಿಚ್ಚೊಂದೇ. ಆ ಸ್ವಿಚ್ಚು ಎಂಥದಾಗಿರಬೇಕು, ಅದನ್ನು ಎಲ್ಲಿ ಯಾವ ರೀತಿಯಲ್ಲಿ ಅಳವಡಿಸತಕ್ಕದ್ದು, ಅಳವಡಿಸಿದ ಮೇಲೆ ಹೇಗೆ ಪರೀಕ್ಷಿಸತಕ್ಕದ್ದು ಎಂಬುದನ್ನು ಗ್ರಾಮಮುಖಂಡರ ಮತ್ತು ಜಮೀನುದಾರರ ತಿಳಿವಳಿಕೆಗಾಗಿ ಈ ಪಾಠದಲ್ಲಿ ವಿವರಿಸಲಾಗಿದೆ.

೧. ಅಪಾಯವು ಒದಗುವ ಬಗೆ

ಸಾಮಾನ್ಯವಾಗಿ ಕೊಟ್ಟಿಗೆಯ ಯಂತ್ರಗಳಿಗೆ ಗೋಡೆಯ ಮೇಲಿನ ಒಂದು ಮೈನ್ ಸ್ವಿಚ್ಚೋ ದೀಪಕ್ಕೆ ಹಾಕುವಂಥ ಒಂದು ಸಾಧಾರಣ ಸ್ವಿಚ್ಚೋ ಇರುತ್ತದೆ. ಇಂಥ ವ್ಯವಸ್ಥೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಅಪಾಯಗಳುಂಟು.

ಮೊದಲನೆಯದು, ಹೋದ ವಿದ್ಯುತ್ತು ತಾನಾಗಿ ಹಿಂದಿರುಗುವುದರಿಂದ ಆಗತಕ್ಕದ್ದು. ಮೇವು ಕತ್ತರಿಸುತ್ತಿರುವಾಗ ವಿದ್ಯುತ್ತು ನಿಲ್ಲುತ್ತದೆ. ಯಂತ್ರ ನಿಂತಿತೆಂದು ಆಳು ಬಾಯಲ್ಲಿ ಸಿಕ್ಕಿಕೊಂಡಿರುವ ಜೋಳದ ದಂಟನ್ನು ಎಳೆಯಲು ಕೈ ಹಾಕುತ್ತಾನೆ. ಸ್ವಿಚ್ಚು ಹಾಕಿದ ಸ್ಥಿತಿಯಲ್ಲಿಯೇ ಇರುತ್ತದೆ. ಅದರ ಕಡೆಗೆ ಯಾರ ಗಮನವೂ ಇರುವುದಿಲ್ಲ. ಆ ಗಳಿಗೆಯಲ್ಲಿ ವಿದ್ಯುತ್ತು ಮರಳಿ ಬಂದರೆ ಮುಂದಿನದನ್ನು ಹೇಳಬೇಕಾದುದಿಲ್ಲ. ನಿಮಿಷಕ್ಕೆ ೩೦೦ ಸುತ್ತು ತಿರುಗುವ ಎರಡು ಅಲಗುಗಳ ಚಕ್ರವು ಸೆಕೆಂಡಿಗೆ ೧೦ ಸಲ ಕತ್ತರಿಸುತ್ತದೆ. ಕೈಯನ್ನು ಹಿಂದೆಗೆಯಬೇಕೆಂಬ ಯೋಚನೆ ಮನಸ್ಸಿಗೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಎರಡನೆಯದು, ಸ್ವಿಚ್ಚು ಕೈಗೆ ಎಟುಕದಿರುವುದರಿಂದ ಆಗತಕ್ಕದ್ದು. ಸೆರಗೋ ಪಂಚೆಯ ಚುಂಗೋ ಬೆಲ್ಟಿಗೆ ಸಿಕ್ಕಿದಾಗ ಸ್ವಿಚ್ಚು ಆ ಮೂಲೆಯ ಗೋಡೆಯ ಮೇಲಿದ್ದರೆ, ಸಿಕ್ಕಿದವನಿಗೆ ಅದು ಇದ್ದೂ ಇಲ್ಲದಂತೆಯೇ ಸರಿ.

ಮೂರನೆಯದು, ಒಬ್ಬನು ಅಲಗು ಮಸೆಯಲು ಬಿಚ್ಚುತ್ತಿರುವಾಗ ಮತ್ತೊಬ್ಬನು ತಿಳಿಯದೆ ಸ್ವಿಚ್ಚು ಹಾಕುವುದು. ಮಕ್ಕಳಿರುವ ಮನೆಯಲ್ಲಿ ಈ ಅಪಾಯವು ಇಮ್ಮಡಿ.

ನಾಲ್ಕನೆಯದು, ಮೋಟಾರಿನ ಒಳಸುತ್ತು ಹಳತಾಗಿ ವಿದ್ಯುತ್ತು ಅದರ ಕಬ್ಬಿಣದ ಮೈಗೆ ಸೋರುವುದು. ಗಂಜಲದಿಂದಲೂ ಮಳೆಯಿಂದಲೂ ನೆಲ ಒದ್ದೆಯಾಗಿರುವ ಕೊಟ್ಟಿಗೆಯಲ್ಲಿ ಬರಿಗಾಲಿನವರಿಗೆ ಇದು ಪ್ರಾಣಾಂತಿಕವಾದೀತು. ದನಗಳಿಗಂತೂ ಇನ್ನೂ ಹೆಚ್ಚಿನ ಭಯ.

೨. ರಕ್ಷಣೆಯ ಸ್ವಿಚ್ಚಿನ ತತ್ತ್ವ

ಮೇಲ್ಕಂಡ ಮೊದಲನೆಯ ಅಪಾಯವನ್ನು ತಡೆಯುವ ಉಪಾಯವು ಬಹು ಸರಳವಾದುದು. ತಂತಿಯ ಸುರುಳಿಯೊಂದರಲ್ಲಿ ವಿದ್ಯುತ್ತು ಹರಿದರೆ ಅದರೊಳಗಿನ ಕಬ್ಬಿಣವು ಅಯಸ್ಕಾಂತವಾಗುತ್ತದೆ. ವಿದ್ಯುತ್ತು ನಿಂತರೆ ಆ ಗುಣವು ಹೋಗುತ್ತದೆ. ರಕ್ಷಣೆಯ ಸ್ವಿಚ್ಚಿನಲ್ಲಿ ಮೋಟಾರಿಗೆ ಹೋಗುವ ತಂತಿಗಳನ್ನು ಕೂಡಿಸುವ ಸಂಪರ್ಕಗಳನ್ನು ಇಂಥ ಅಯಸ್ಕಾಂತವು ಹಿಡಿದುಕೊಂಡಿರುತ್ತದೆ, ಒಂದು ಸ್ಪ್ರಿಂಗು ಅವನ್ನು ಬಿಡಿಸಲು ಸದಾ ಒತ್ತುತ್ತಿರುತ್ತದೆ. ಹಸಿರು ಗುಂಡಿಯನ್ನು ಒತ್ತಿದಾಗ ಸುರುಳಿಗೆ ವಿದ್ಯುತ್ತು ದೊರೆತು ಸಂಪರ್ಕಗಳು ಕೂಡಿಕೊಳ್ಳುತ್ತವೆ. ಅವುಗಳ ಜೊತೆಯಲ್ಲಿಯೇ ಮತ್ತೊಂದು ಸಣ್ಣ ಸಂಪರ್ಕವೂ ಕೂಡಿಕೊಂಡು, ಹಸಿರು ಗುಂಡಿಯಿಂದ ಬೆರಳನ್ನು ತೆಗೆದ ಮೇಲೂ ಸುರುಳಿಗೆ ವಿದ್ಯುತ್ತು ಹರಿಯುವಂತೆ ಮಾಡುತ್ತದೆ. ಇದನ್ನು ಹಿಡಿತದ ಸಂಪರ್ಕವೆಂದು ಕರೆಯಬಹುದು.

ಈಗ ವಿದ್ಯುತ್ತು ಹೋಯಿತೆನ್ನೋಣ. ಅಯಸ್ಕಾಂತವು ಬಲಹೀನವಾಗುತ್ತದೆ, ಸ್ಪ್ರಿಂಗು ಸಂಪರ್ಕಗಳನ್ನು ಬಿಡಿಸುತ್ತದೆ, ಹಿಡಿತದ ಸಂಪರ್ಕವೂ ಬಿಟ್ಟುಹೋಗುತ್ತದೆ. ವಿದ್ಯುತ್ತು ಮರಳಿ ಬಂದಾಗ ಸುರುಳಿಗೆ ದಾರಿಯೇ ಇರುವುದಿಲ್ಲ. ಮನುಷ್ಯನು ಬಂದು ಹಸಿರು ಗುಂಡಿಯನ್ನು ಮತ್ತೆ ಒತ್ತಿದ ಹೊರತು ಯಂತ್ರವು ತಿರುಗದು. ನಮ್ಮ ರೈತರು ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ‘ನೋವೋಲ್ಟ್ ಕಾಯಿಲು’ ಎಂದು ಕರೆಯುವುದು ಈ ಸುರುಳಿಯನ್ನೇ. ಹೆಸರೇ ಅರ್ಥವನ್ನು ಸೂಚಿಸುತ್ತದೆ: ವೋಲ್ಟು ಇಲ್ಲವಾದಾಗ ಕಳಚಿಕೊಳ್ಳತಕ್ಕದ್ದು.

೩. ಇರತಕ್ಕ ಅಂಗಗಳು

ಒಂದು ಯಂತ್ರದ ರಕ್ಷಣೆಯು ಪೂರ್ಣವಾಗಬೇಕಾದರೆ ಈ ಕೆಳಗಿನ ಐದು ಅಂಗಗಳಿರಬೇಕು.

(ಅ) ಬೀಗ ಹಾಕಲು ಬರುವ ಮೈನ್ ಸ್ವಿಚ್ಚು. ದುರಸ್ತಿ ಮಾಡುವವನು ಇದನ್ನು ತೆಗೆದು, ಬೀಗ ಹಾಕಿ, ಕೀಲಿಕೈಯನ್ನು ತನ್ನ ಸೊಂಟದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಮೂರನೆಯ ಅಪಾಯಕ್ಕೆ ಇದೇ ಮದ್ದು.

(ಆ) ಮೇಲೆ ವಿವರಿಸಿದ ನೋವೋಲ್ಟ್ ಸುರುಳಿಯುಳ್ಳ ಸ್ಟಾರ್ಟರು.

(ಇ) ಓವರ್‌ಲೋಡ್ ರಿಲೇ. ಇದರೊಳಗೆ ಎರಡು ಬಗೆಯ ಲೋಹಗಳನ್ನು ಬೆಸೆದ ಪಟ್ಟಿಯಿರುತ್ತದೆ. ಮೋಟಾರು ಮಿತಿಮೀರಿ ವಿದ್ಯುತ್ತನ್ನು ಎಳೆದಾಗ ಆ ಪಟ್ಟಿಯು ಕಾದು, ಒಂದು ಲೋಹ ಹೆಚ್ಚು ಹಿಗ್ಗಿ ಮತ್ತೊಂದು ಕಡಿಮೆ ಹಿಗ್ಗುವುದರಿಂದ ಬಾಗಿ, ಸುರುಳಿಯ ದಾರಿಯನ್ನು ಕಡಿಯುತ್ತದೆ. ದಪ್ಪನಾದ ಫ್ಯೂಸು ತಂತಿಯಿಂದ ಈ ಕೆಲಸ ಆಗದು.

(ಈ) ತುರ್ತು ನಿಲುಗಡೆಯ ಗುಂಡಿ. ಅಣಬೆಯಂತೆ ಅಗಲವಾದ ಕೆಂಪು ತಲೆಯುಳ್ಳದ್ದು, ಹಳದಿ ಹಿನ್ನೆಲೆಯಲ್ಲಿ ಕೂರಿಸಲ್ಪಟ್ಟದ್ದು. ಅಂಗೈಯಿಂದಾಗಲಿ ಮೊಣಕೈಯಿಂದಾಗಲಿ ಹೊಡೆದರೆ ಒಳಗೆ ಕಚ್ಚಿಕೊಳ್ಳುತ್ತದೆ. ತಿರುಗಿಸಿ ಬಿಡಿಸಿದ ಹೊರತು ಹೊರಗೆ ಬಾರದು. ಹಾಗೆ ಬಿಡಿಸಿದ ಮಾತ್ರಕ್ಕೆ ಯಂತ್ರವು ಹೊರಡಕೂಡದು. ಹಸಿರು ಗುಂಡಿಯನ್ನು ಬೇರೆಯಾಗಿ ಒತ್ತಬೇಕು.

(ಉ) ಸೋರಿಕೆಯನ್ನು ತಡೆಯುವ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಎಂದು ಕರೆಯುವ ಭೂಸಂಪರ್ಕ. ೩೦ ಮಿಲಿ ಆಂಪೇರಿನ ಆರ್‌ಸಿಸಿಬಿಯು ಹೋದ ವಿದ್ಯುತ್ತು ಹಿಂದಿರುಗಿದ ವಿದ್ಯುತ್ತಿಗೆ ಸಮವಾಗಿದೆಯೇ ಎಂದು ಸದಾ ತೂಗುತ್ತಿದ್ದು, ಎಲ್ಲಿಯೋ ನೆಲಕ್ಕೆ ಸೋರುತ್ತಿದೆಯೆಂದು ಕಂಡೊಡನೆ ಕಡಿದುಬಿಡುತ್ತದೆ. ಆದರೆ ಒಂದು ಕೈ ಫೇಸ್ ತಂತಿಯನ್ನೂ ಮತ್ತೊಂದು ಕೈ ನ್ಯೂಟ್ರಲ್ ತಂತಿಯನ್ನೂ ಮುಟ್ಟಿದರೆ ಅದಕ್ಕೆ ತಿಳಿಯದು. ಆದುದರಿಂದ ಆರ್‌ಸಿಸಿಬಿ ಇದೆಯೆಂಬ ಧೈರ್ಯದಿಂದ ತೆರೆದ ತಂತಿಗಳನ್ನು ಬಿಡಲಾಗದು. ಮೂರು ಫೇಸಿನ ಮೋಟಾರಿನ ಮೈಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭೂಸಂಪರ್ಕದ ತಂತಿಗಳಿರಬೇಕು. ಒಂದು ಕಡಿದರೂ ಮತ್ತೊಂದು ಕಾಯುತ್ತದೆ.

೪. ಆರಿಸುವ ಕ್ರಮ

ಅಂಗಡಿಗೆ ಹೋಗುವ ಮೊದಲು ಮೋಟಾರಿನ ಮೈಮೇಲಿರುವ ತಗಡನ್ನು ಒರೆಸಿ ಮೂರು ಅಂಕಿಗಳನ್ನು ಬರೆದುಕೊಳ್ಳತಕ್ಕದ್ದು: ಫೇಸುಗಳ ಸಂಖ್ಯೆ, ವೋಲ್ಟು ಮತ್ತು ಪೂರ್ಣ ಹೊರೆಯ ಆಂಪೇರು. ನಮ್ಮ ದೇಶದಲ್ಲಿ ಒಂದು ಫೇಸಿನ ಸರಬರಾಜು ೨೩೦ ವೋಲ್ಟಿನದು, ಮೂರು ಫೇಸಿನದು ೪೧೫ ವೋಲ್ಟಿನದು. ೧ ಅಶ್ವಶಕ್ತಿಯು ೭೪೬ ವಾಟುಗಳಿಗೆ ಸಮ. ಸ್ಥೂಲವಾಗಿ ಹೇಳುವುದಾದರೆ ಒಂದು ಫೇಸಿನ ೧ ಅಶ್ವಶಕ್ತಿಯ ಮೋಟಾರು ಸುಮಾರು ೬ ಆಂಪೇರನ್ನೂ, ಮೂರು ಫೇಸಿನ ೫ ಅಶ್ವಶಕ್ತಿಯ ಮೋಟಾರು ಸುಮಾರು ೭½ ಆಂಪೇರನ್ನೂ ತೆಗೆದುಕೊಳ್ಳುತ್ತದೆ. ಆದರೂ ತಗಡಿನ ಮೇಲಿನ ಅಂಕಿಯೇ ಪ್ರಮಾಣ. ಓವರ್‌ಲೋಡ್ ರಿಲೇಯ ಮುಳ್ಳನ್ನು ಆ ಅಂಕಿಗೆ ಸರಿಯಾಗಿ ನಿಲ್ಲಿಸಬೇಕು. ಪದೇ ಪದೇ ಕಡಿಯುತ್ತದೆಂದು ಮುಳ್ಳನ್ನು ಮೇಲಕ್ಕೆ ತಿರುಗಿಸುವುದು ಜ್ವರ ನೋಡುವ ಕಡ್ಡಿಯನ್ನು ಮುರಿದು ಜ್ವರ ಬಿಟ್ಟಿತೆಂದು ಹೇಳಿದಂತೆ.

ಒಂದು ಫೇಸಿನ ಸಣ್ಣ ಯಂತ್ರಗಳಾದ ಸಾಣೆಯ ಯಂತ್ರ, ಡ್ರಿಲ್ಲು, ಸಣ್ಣ ಗರಗಸ ಇವುಗಳಿಗೆ ಕೆಂಪು ಹಸಿರು ಗುಂಡಿಗಳೆರಡೂ ಒಂದೇ ಡಬ್ಬಿಯಲ್ಲಿರುವ ನೋವೋಲ್ಟ್ ಸ್ವಿಚ್ಚುಗಳು ದೊರೆಯುತ್ತವೆ. ಅದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವಂಥದಾಗಿರಬೇಕು. ಕೈಯಲ್ಲಿ ಹಿಡಿದು ಉಪಯೋಗಿಸುವ ಸಾಣೆಯ ಯಂತ್ರಗಳಲ್ಲಿ ಅನೇಕವಕ್ಕೆ, ಒತ್ತಿದ ಗುಂಡಿಯನ್ನು ಹಾಗೆಯೇ ನಿಲ್ಲಿಸುವ ಕೊಂಡಿಯೊಂದಿರುತ್ತದೆ. ವಿದ್ಯುತ್ತು ಹೋದಾಗ ಅದನ್ನು ಬಿಡಿಸಲು ಮರೆತು ನೆಲದ ಮೇಲಿಟ್ಟರೆ, ವಿದ್ಯುತ್ತು ಬಂದೊಡನೆ ಅದು ಹಾವಿನಂತೆ ನೆಲದ ಮೇಲೆ ಹರಿದಾಡುತ್ತದೆ. ಇಂಥ ಯಂತ್ರಗಳನ್ನು ನೋವೋಲ್ಟ್ ಸ್ವಿಚ್ಚುಳ್ಳ ಪ್ಲಗ್ಗಿನ ಡಬ್ಬಿಯ ಮೂಲಕವೇ ಉಪಯೋಗಿಸುವುದು ಲೇಸು.

ಮೂರು ಫೇಸಿನ ಯಂತ್ರಗಳಿಗೆ ಪಂಪ್‌ಸೆಟ್ಟಿಗೆ ಹಾಕುವಂಥ ನೇರ ಸ್ಟಾರ್ಟರೇ ಸಾಕು. ಕೊಳ್ಳುವಾಗ ಸುರುಳಿಯ ವೋಲ್ಟನ್ನು ತಪ್ಪದೆ ನೋಡಬೇಕು. ೪೧೫ ವೋಲ್ಟಿನ ಸುರುಳಿಯನ್ನು ಎರಡು ಫೇಸುಗಳ ನಡುವೆಯೂ ೨೩೦ ವೋಲ್ಟಿನದನ್ನು ಫೇಸ್ ಮತ್ತು ನ್ಯೂಟ್ರಲುಗಳ ನಡುವೆಯೂ ಜೋಡಿಸತಕ್ಕದ್ದು. ಅದಲುಬದಲಾದರೆ ಒಂದು ಸುಟ್ಟುಹೋಗುತ್ತದೆ, ಮತ್ತೊಂದು ಹಿಡಿಯುವುದೇ ಇಲ್ಲ. ಒಂದು ಫೇಸು ತಪ್ಪಿದಾಗ ಮೋಟಾರನ್ನು ನಿಲ್ಲಿಸುವ ಸಾಧನವನ್ನೂ ಜೊತೆಗೆ ಹಾಕಿಸಿದರೆ ಮೋಟಾರಿನ ಸುತ್ತು ಸುಡುವ ನಷ್ಟವೂ ತಪ್ಪುತ್ತದೆ.

೫. ಜೋಡಿಸುವ ಕ್ರಮ

ತಂತಿ ಜೋಡಿಸುವ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸತಕ್ಕದ್ದು. ಆದರೆ ಮಾಡಿಸುವ ಯಜಮಾನನು ಕ್ರಮವನ್ನು ತಿಳಿದಿದ್ದರೆ ಕೆಲಸವು ಸರಿಯಾಗಿ ಆಯಿತೇ ಇಲ್ಲವೇ ಎಂಬುದನ್ನು ತಾನೇ ನೋಡಿಕೊಳ್ಳಬಹುದು.

೨೩೦ ವೋಲ್ಟಿನ ಸುರುಳಿಯಾದರೆ ಅದರ ದಾರಿಯು ಈ ರೀತಿ ಇರಬೇಕು. ಫೇಸ್ ತಂತಿಯು ಮೊದಲು ಒಂದು ಸಣ್ಣ ಫ್ಯೂಸಿಗೆ ಬಂದು, ಅಲ್ಲಿಂದ ತುರ್ತು ನಿಲುಗಡೆಯ ಗುಂಡಿಗೂ, ಅಲ್ಲಿಂದ ಕೆಂಪು ಗುಂಡಿಗೂ, ಅಲ್ಲಿಂದ ಓವರ್‌ಲೋಡ್ ರಿಲೇಯ ಸಂಪರ್ಕಕ್ಕೂ, ಅಲ್ಲಿಂದ ಹಸಿರು ಗುಂಡಿಗೂ ಹೋಗಿ, ಕೊನೆಗೆ ಸುರುಳಿಯನ್ನು ಸೇರುತ್ತದೆ. ಸುರುಳಿಯ ಮತ್ತೊಂದು ತುದಿಯು ನೇರವಾಗಿ ನ್ಯೂಟ್ರಲಿಗೆ ಹೋಗುತ್ತದೆ. ಹಿಡಿತದ ಸಂಪರ್ಕವು ಹಸಿರು ಗುಂಡಿಯೊಂದಕ್ಕೆ ಮಾತ್ರ ಪಕ್ಕದಾರಿಯಾಗಿರುತ್ತದೆ. ನಿಲ್ಲಿಸುವ ಗುಂಡಿಗಳಿಗೆ ಪಕ್ಕದಾರಿ ಇರಕೂಡದು.

ಇದನ್ನು ಒಂದೇ ಕಾಲುವೆಯ ಮೇಲೆ ಒಂದರ ಮುಂದೊಂದಾಗಿ ಇಟ್ಟ ತೂಬುಗಳಿಗೆ ಹೋಲಿಸಬಹುದು. ಯಾವ ಒಂದು ತೂಬನ್ನು ಮುಚ್ಚಿದರೂ ಕೊನೆಯ ಗದ್ದೆಗೆ ನೀರು ಹೋಗದು. ಹಾಗೆಯೇ ನಿಲ್ಲಿಸುವ ಗುಂಡಿಗಳು ಎರಡಿರಲಿ ಮೂರಿರಲಿ, ಎಲ್ಲವೂ ಒಂದೇ ಸಾಲಿನಲ್ಲಿದ್ದರೆ ಯಾವುದನ್ನು ಒತ್ತಿದರೂ ಯಂತ್ರವು ನಿಲ್ಲುತ್ತದೆ.

ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ನಿಲ್ಲಿಸುವ ಗುಂಡಿಯ ಸಂಪರ್ಕವು ಸಹಜವಾಗಿ ಕೂಡಿದ್ದು, ಒತ್ತಿದಾಗ ಬಿಟ್ಟುಕೊಳ್ಳುವಂಥದಾಗಿರಬೇಕು. ಆಗ ಇಲಿಯು ತಂತಿಯನ್ನು ಕಡಿದರೂ, ತಿರುಪು ಸಡಿಲವಾದರೂ ಸುರುಳಿಯ ದಾರಿ ಕಡಿದು ಯಂತ್ರವು ನಿಂತುಹೋಗುತ್ತದೆ. ದೋಷವು ತಾನಾಗಿ ಹೊರಬೀಳುತ್ತದೆ. ಒತ್ತಿದಾಗ ಕೂಡಿಕೊಳ್ಳುವ ಸಂಪರ್ಕದಿಂದ ನಿಲ್ಲಿಸುವ ಏರ್ಪಾಡು ಮಾಡಿದರೆ, ತಂತಿ ಕಡಿದ ಸಂಗತಿಯು ಅಪಘಾತದ ದಿನ ಗುಂಡಿಯನ್ನು ಒತ್ತಿದಾಗಲೇ ತಿಳಿಯುವುದು.

ನಿಲ್ಲಿಸುವ ಗುಂಡಿಗಳು ಫೇಸಿನ ಕಡೆಯಲ್ಲಿಯೇ ಇರಬೇಕೆಂಬುದಕ್ಕೂ ಕಾರಣವಿದೆ. ಅವು ನ್ಯೂಟ್ರಲಿನ ಕಡೆಯಲ್ಲಿದ್ದು, ಸುರುಳಿಗೂ ಗುಂಡಿಗೂ ನಡುವಿನ ತಂತಿಯ ಹೊದಿಕೆ ಸವೆದು ಕಬ್ಬಿಣದ ಮೈಗೆ ತಗುಲಿದರೆ, ಸುರುಳಿಯು ಭೂಮಿಯ ಮೂಲಕ ತನ್ನ ದಾರಿಯನ್ನು ಕಂಡುಕೊಂಡು ಗುಂಡಿ ಒತ್ತಿದರೂ ಬಿಡದೆ ಹಿಡಿದುಕೊಂಡೀತು. ಫೇಸಿನ ಕಡೆಯಲ್ಲಿದ್ದರೆ ಅಂಥ ಸ್ಪರ್ಶದಿಂದ ಫ್ಯೂಸು ಹೋಗಿ ಯಂತ್ರವು ನಿಲ್ಲುತ್ತದೆ.

ಗುಂಡಿಗೆ ಹೋಗುವ ತಂತಿಗಳನ್ನು ಕೊಳವೆಯೊಳಗೆ ಹಾಯಿಸಿ, ದನದ ಕೊಂಬಿಗೂ ಇಲಿಯ ಹಲ್ಲಿಗೂ ಸಿಕ್ಕದಂತೆ ಭದ್ರಪಡಿಸತಕ್ಕದ್ದು. ಡಬ್ಬಿಗಳು ಧೂಳನ್ನೂ ನೀರಿನ ಎರಚಲನ್ನೂ ತಡೆಯುವಂಥವಾಗಿರಬೇಕು. ಹೊಟ್ಟು ಮತ್ತು ಮರದ ಹುಡಿ ಒಳಸೇರಿದರೆ ಸಂಪರ್ಕಗಳು ಸರಿಯಾಗಿ ಕೂಡದೆ ಕಿಡಿ ಹಾರಿ ಬೆಂಕಿಗೂ ಕಾರಣವಾದೀತು.

೬. ಗುಂಡಿಗಳನ್ನು ಇಡತಕ್ಕ ಸ್ಥಳ

ಸ್ವಿಚ್ಚು ಎಷ್ಟು ಉತ್ತಮವಾದುದಾದರೂ ಇಟ್ಟ ಸ್ಥಳವು ತಪ್ಪಾದರೆ ಪ್ರಯೋಜನವಿಲ್ಲ. ಕೆಲಸಗಾರನು ನಿಲ್ಲುವ ಸ್ಥಳದಲ್ಲಿ ನಿಂತು, ಒಂದು ಕೈ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿದೆಯೆಂದು ಭಾವಿಸಿಕೊಂಡು, ಮತ್ತೊಂದು ಕೈ ಎಲ್ಲಿಗೆ ಎಟುಕುವುದೆಂಬುದನ್ನು ನೋಡತಕ್ಕದ್ದು. ಎಡಗೈ ಸಿಕ್ಕಿದರೂ ಬಲಗೈ ಸಿಕ್ಕಿದರೂ ತಲುಪುವಂತಿರಬೇಕಾದುದರಿಂದ, ಮೇವಿನ ಯಂತ್ರಕ್ಕೆ ಎರಡು ಪಕ್ಕದಲ್ಲಿಯೂ ಒಂದೊಂದು ತುರ್ತು ಗುಂಡಿಯನ್ನು ಹಾಕಿಸುವುದು ಉತ್ತಮ. ಗರಗಸದ ಮೇಜಿಗೆ ಮೊಣಕಾಲಿನಿಂದ ತಳ್ಳಬಹುದಾದ ಎತ್ತರದಲ್ಲಿ ಗುಂಡಿಯಿದ್ದರೆ ಎರಡು ಕೈಗಳೂ ಮರವನ್ನು ಬಿಡದೆಯೇ ಯಂತ್ರವನ್ನು ನಿಲ್ಲಿಸಬಹುದು.

ಕೆಂಪು ಗುಂಡಿಯು ಹೊರಕ್ಕೆ ಚಾಚಿಕೊಂಡಿರಬೇಕು. ಹಸಿರು ಗುಂಡಿಯು ಡಬ್ಬಿಯ ಮಟ್ಟಕ್ಕಿಂತ ಒಳಗೆ ಕುಳಿತಿರಬೇಕು. ಹುಲ್ಲಿನ ಹೊರೆ ತಗುಲಿ ಯಂತ್ರವು ನಿಂತರೆ ಕೇಡಿಲ್ಲ, ತಗುಲಿ ಹೊರಟರೆ ಕೇಡು. ಗುಂಡಿಯನ್ನು ಒತ್ತಲು ಅಲಗಿನ ಮೇಲಾಗಲಿ ಬೆಲ್ಟಿನ ಮೇಲಾಗಲಿ ಬಾಗಬೇಕಾಗಿರಕೂಡದು. ಅದರ ಮುಂದೆ ಹಿಂಡಿಯ ಮೂಟೆಗಳನ್ನು ಪೇರಿಸಕೂಡದು. ಮನೆಯ ಹೆಂಗಸರೂ ಆಳುಗಳೂ ಎಲ್ಲರೂ ಆ ಗುಂಡಿಯ ಸ್ಥಳವನ್ನು ಕಣ್ಣು ಮುಚ್ಚಿಕೊಂಡು ಮುಟ್ಟಿ ತೋರಿಸುವಷ್ಟು ಬಳಕೆ ಮಾಡಿಕೊಂಡಿರಬೇಕು.

೭. ಪರೀಕ್ಷೆ

ಜೋಡಣೆಯಾದ ದಿನವೂ, ಅನಂತರ ತಿಂಗಳಿಗೊಮ್ಮೆಯೂ, ಯಂತ್ರದ ಬಾಯಿಗೆ ಏನನ್ನೂ ಹಾಕದೆ ಈ ಪರೀಕ್ಷೆಗಳನ್ನು ನಡೆಸತಕ್ಕದ್ದು. ಲೆಕ್ಕಕ್ಕೆ ಸುಲಭವಾಗುವಂತೆ ಅಮಾವಾಸ್ಯೆಯ ದಿನವನ್ನು ಇಟ್ಟುಕೊಳ್ಳಬಹುದು.

ಮೊದಲನೆಯ ಪರೀಕ್ಷೆ: ಯಂತ್ರವು ನಡೆಯುತ್ತಿರುವಾಗ ಮೈನ್ ಸ್ವಿಚ್ಚನ್ನು ತೆಗೆದು, ಯಂತ್ರವು ಪೂರ್ತಿ ನಿಂತ ಮೇಲೆ ಮತ್ತೆ ಹಾಕಿ. ಯಂತ್ರವು ತಾನಾಗಿ ಹೊರಡಕೂಡದು. ಹೊರಟರೆ ನೋವೋಲ್ಟ್ ರಕ್ಷಣೆಯು ಇಲ್ಲವೆಂದೇ ಅರ್ಥ.

ಎರಡನೆಯದು: ಪ್ರತಿಯೊಂದು ನಿಲ್ಲಿಸುವ ಗುಂಡಿಯನ್ನೂ ಒಂದೊಂದಾಗಿ ಒತ್ತಿ ನೋಡಿ. ಒಂದನ್ನು ಪರೀಕ್ಷಿಸಿ ಉಳಿದವೂ ಸರಿಯಿರಬಹುದೆಂದು ಊಹಿಸಬಾರದು.

ಮೂರನೆಯದು: ತುರ್ತು ಗುಂಡಿಯು ಒಳಗೆ ಕಚ್ಚಿಕೊಂಡಿರುವಾಗ ಹಸಿರು ಗುಂಡಿಯನ್ನು ಒತ್ತಿದರೆ ಯಂತ್ರವು ಅಲುಗಕೂಡದು. ಬಳಿಕ ತುರ್ತು ಗುಂಡಿಯನ್ನು ಬಿಡಿಸಿದಾಗಲೂ ಅಲುಗಕೂಡದು.

ನಾಲ್ಕನೆಯದು: ಆರ್‌ಸಿಸಿಬಿಯ ಮೇಲೆ ಪರೀಕ್ಷೆಗಾಗಿಯೇ ಇರುವ ಸಣ್ಣ ಗುಂಡಿಯನ್ನು ಒತ್ತಿದೊಡನೆ ಅದು ಕಳಚಿಕೊಳ್ಳಬೇಕು.

ಈ ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ಮೈನ್ ಸ್ವಿಚ್ಚಿಗೆ ಬೀಗ ಹಾಕಿ, ದುರಸ್ತಿಯಾಗುವವರೆಗೆ ಹಳೆಯ ಇಳಿಗೆಮಣೆ ಕುಡುಗೋಲುಗಳಿಂದಲೇ ಮೇವನ್ನು ಕತ್ತರಿಸಿಕೊಳ್ಳುವುದು ವಿವೇಕ. ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮವಿಟ್ಟು ಹೂ ಮುಡಿಸುವಾಗ ಅದರ ಕೆಂಪು ಗುಂಡಿಯನ್ನೂ ಒಮ್ಮೆ ಒತ್ತಿ ನೋಡುವುದು ಪೂಜೆಗೆ ತಕ್ಕ ಅಂಗವೇ ಆಗುವುದು.

೮. ರೂಢಿಯಲ್ಲಿರುವ ದುರಭ್ಯಾಸಗಳು

ಅಪಾಯವು ಸ್ವಿಚ್ಚಿಲ್ಲದ ಯಂತ್ರದಲ್ಲಿ ಮಾತ್ರವಲ್ಲದೆ, ಸ್ವಿಚ್ಚಿದ್ದೂ ಅದನ್ನು ಕೆಡಿಸಿಟ್ಟ ಯಂತ್ರದಲ್ಲಿಯೂ ಉಂಟು. ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ಸರದಿಯ ಪ್ರಕಾರ ಗೊತ್ತಾದ ಹೊತ್ತಿನಲ್ಲಿ, ಕೆಲವು ವೇಳೆ ರಾತ್ರಿಯಲ್ಲಿ ಬರುತ್ತದೆ. ರಾತ್ರಿ ಎದ್ದು ಹೋಗುವ ಕಷ್ಟವನ್ನು ತಪ್ಪಿಸಲು, ವಿದ್ಯುತ್ತು ಬಂದೊಡನೆ ಮೋಟಾರನ್ನು ಹೊರಡಿಸುವ ಸಾಧನವನ್ನು ಸ್ಟಾರ್ಟರಿಗೆ ಸೇರಿಸುವ ರೂಢಿಯುಂಟು. ನೀರೆತ್ತುವ ಪಂಪಿಗೆ ಇದು ಒಂದು ಅನುಕೂಲ. ಆದರೆ ಅದೇ ಸ್ಟಾರ್ಟರಿನಿಂದ ಮೇವಿನ ಯಂತ್ರಕ್ಕೂ ತಂತಿ ಎಳೆದುಕೊಂಡರೆ, ನೋವೋಲ್ಟ್ ಸುರುಳಿಯು ಕೊಟ್ಟಿದ್ದ ರಕ್ಷಣೆಯನ್ನು ಆ ಸಾಧನವು ಕಿತ್ತುಕೊಂಡಂತಾಗುತ್ತದೆ. ಕತ್ತರಿಸುವ, ಕೊಯ್ಯುವ, ಅರೆಯುವ ಯಾವ ಯಂತ್ರಕ್ಕೂ ತಾನಾಗಿ ಹೊರಡಿಸುವ ಸಾಧನವನ್ನು ಸೇರಿಸಕೂಡದು. ಪಂಪಿನ ಸ್ಟಾರ್ಟರಿನಲ್ಲಿ ಬೇರೆ ಯಂತ್ರಕ್ಕೆ ಪಾಲು ಕೊಡಕೂಡದು.

ಇನ್ನು ಕೆಲವರು ಹಸಿರು ಗುಂಡಿ ನಿಲ್ಲದೆಂದು ಅದಕ್ಕೆ ಬೆಣೆ ಹೊಡೆಯುವುದೂ, ಟ್ಯೂಬಿನ ರಬ್ಬರನ್ನು ಸುತ್ತಿ ಬಿಗಿಯುವುದೂ ಉಂಟು. ಗುಂಡಿಯು ಏಕೆ ನಿಲ್ಲದೆಂಬುದನ್ನು ವಿಚಾರಿಸಬೇಕು. ಒಳ್ಳೆಯ ಸುರುಳಿಯು ತನ್ನ ವೋಲ್ಟಿನ ನೂರಕ್ಕೆ ೮೫ ಭಾಗ ದೊರೆತರೂ ಹಿಡಿಯುವಂತೆ ಮಾಡಲ್ಪಟ್ಟಿರುತ್ತದೆ. ಎಂದರೆ ೨೩೦ ವೋಲ್ಟಿನದಕ್ಕೆ ಸುಮಾರು ೧೯೫, ೪೧೫ರದಕ್ಕೆ ಸುಮಾರು ೩೫೩ ವೋಲ್ಟು. ಅದಕ್ಕೂ ಕಡಿಮೆಯಾದಾಗ ಸುರುಳಿಯು ಗುಂಯ್‌ಗುಟ್ಟುತ್ತದೆ, ಬಿಟ್ಟು ಬಿಟ್ಟು ಹಿಡಿಯುತ್ತದೆ. ಅಷ್ಟು ಕಡಿಮೆ ವೋಲ್ಟಿನಲ್ಲಿ ಹೊರೆ ಎಳೆಯುವ ಮೋಟಾರು ಹೆಚ್ಚು ಆಂಪೇರನ್ನು ತೆಗೆದುಕೊಂಡು ಕಾದು ಸುಡುತ್ತದೆ. ಆದುದರಿಂದ ಸುರುಳಿಯು ಬಿಡುವುದು ಅದರ ದೋಷವಲ್ಲ, ಅದು ಕೊಡುವ ಎಚ್ಚರಿಕೆ. ಬೆಣೆ ಹೊಡೆಯುವುದಕ್ಕೆ ಬದಲಾಗಿ ವೋಲ್ಟನ್ನು ಅಳೆಯಿಸಿ, ಸರಬರಾಜು ಕಂಪನಿಯ ಕಚೇರಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು. ವೋಲ್ಟು ಸರಿಯಾಗಿದ್ದೂ ಸುರುಳಿಯು ಹಿಡಿಯದಿದ್ದರೆ ಹಿಡಿತದ ಸಂಪರ್ಕವನ್ನು ಶುಚಿಮಾಡಿಸಬೇಕು, ಇಲ್ಲವೇ ಬದಲಾಯಿಸಬೇಕು.

ಹಾಲು ತಂಪಿಡುವ ಪೆಟ್ಟಿಗೆ, ಮೊಟ್ಟೆ ಮರಿಮಾಡುವ ಯಂತ್ರ ಮೊದಲಾದವು ನಿಂತರೆ ಪದಾರ್ಥವೇ ಕೆಡುವುದರಿಂದ ಅವುಗಳಿಗೆ ನೋವೋಲ್ಟ್ ಸ್ವಿಚ್ಚು ಬೇಡ. ಕೈಗೆ ಅಪಾಯವುಂಟುಮಾಡುವ ಯಂತ್ರ ಯಾವುದು, ನಿಂತರೆ ಮಾತ್ರ ನಷ್ಟವಾಗುವ ಯಂತ್ರ ಯಾವುದು ಎಂಬುದನ್ನು ವಿಂಗಡಿಸಿಕೊಂಡರೆ ಸಂದೇಹವಿರದು.

೯. ಸ್ವಿಚ್ಚಿನಿಂದ ಆಗದ ಕೆಲಸ

ಗುಂಡಿಯನ್ನು ಒತ್ತಿದೊಡನೆ ವಿದ್ಯುತ್ತು ನಿಲ್ಲುತ್ತದೆ, ಚಕ್ರವು ನಿಲ್ಲುವುದಿಲ್ಲ. ಮೇವಿನ ಯಂತ್ರದ ಭಾರವಾದ ಚಕ್ರವು ತನ್ನ ವೇಗದಿಂದ ಇನ್ನೂ ಕೆಲವು ಸುತ್ತು ತಿರುಗಿಯೇ ನಿಲ್ಲುತ್ತದೆ. ಆದುದರಿಂದ ಚಕ್ರಕ್ಕೂ ಬೆಲ್ಟಿಗೂ ತಗಡಿನ ಮುಚ್ಚಳ, ಬಾಯಿಗೆ ಕೈ ಒಳಹೋಗದಷ್ಟು ಉದ್ದವಾದ ದೋಣಿ, ಅಲಗಿನ ಮೇಲೆ ಕವಚ ಇವು ಇದ್ದೇ ತೀರಬೇಕು. ಮುಂದೆ ಹಿಂದೆ ನಡೆಸುವ ಗೇರಿನ ಹಿಡಿಯಿರುವ ಯಂತ್ರಗಳಲ್ಲಿ ಸಿಕ್ಕಿಕೊಂಡ ಮೇವನ್ನು ಅದರಿಂದಲೇ ಹಿಂದಕ್ಕೆ ತಳ್ಳಿಸಬೇಕು, ಕೈಯಿಂದ ಎಳೆಯಕೂಡದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಂಚೆಯನ್ನು ಎತ್ತಿ ಕಟ್ಟಿ, ಟವಲನ್ನು ಹೆಗಲಿನಿಂದ ತೆಗೆದು ಕೆಲಸಕ್ಕೆ ನಿಲ್ಲತಕ್ಕದ್ದು.

೧೦. ಅಪಘಾತ ಸಂಭವಿಸಿದರೆ

ವಿದ್ಯುತ್ತು ತಗುಲಿದವನನ್ನು ಮುಟ್ಟುವ ಮೊದಲು ಮೈನ್ ಸ್ವಿಚ್ಚನ್ನು ತೆಗೆಯಿರಿ. ಅದು ಸಾಧ್ಯವಾಗದಿದ್ದರೆ ಒಣಗಿದ ಹಲಗೆಯ ಮೇಲೆ ನಿಂತು ಒಣಗಿದ ಮರದ ಕೋಲಿನಿಂದ ಅವನನ್ನು ಬೇರ್ಪಡಿಸಿರಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡು ಕೈಗಳಿಂದ ನಿಮಿಷಕ್ಕೆ ೧೦೦ರಿಂದ ೧೨೦ ಸಲದಂತೆ ಬಲವಾಗಿ ಒತ್ತುತ್ತ, ೧೦೮ಕ್ಕೆ ಕರೆಮಾಡಿಸಿರಿ.

ಬೆರಳು ತುಂಡಾದರೆ ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಒತ್ತಿ ಹಿಡಿದು, ಕೈಯನ್ನು ಎತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಎಸೆಯಬೇಡಿರಿ. ತೇವ ಮಾಡಿದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ರೋಗಿಯೊಡನೆ ಆಸ್ಪತ್ರೆಗೆ ಕೊಂಡೊಯ್ಯಿರಿ. ಮಂಜುಗಡ್ಡೆಯು ಬೆರಳಿಗೆ ನೇರವಾಗಿ ತಗುಲಕೂಡದು. ತಗುಲಿದರೆ ಮಾಂಸವು ಕೆಟ್ಟು ಮತ್ತೆ ಕೂಡಿಸಲು ಬಾರದು.

೧೧. ಗ್ರಾಮಮುಖಂಡರ ಕರ್ತವ್ಯ

ಒಕ್ಕಣೆ ಯಂತ್ರ ಮೊದಲಾದ ಗ್ರಾಮೀಣ ಯಂತ್ರಗಳಿಂದ ಕೂಲಿಕಾರರು ಅಂಗಹೀನರಾಗುವುದನ್ನು ಕಂಡು, ಭಾರತದ ಸಂಸತ್ತು ೧೯೮೩ನೆಯ ಇಸವಿಯಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕಾಗಿ ಒಂದು ಶಾಸನವನ್ನೇ ಮಾಡಿತು. ಅಂಥ ಯಂತ್ರದ ಕೆಲಸದಲ್ಲಿ ಮೃತರಾದವರಿಗೂ ಗಾಯಗೊಂಡವರಿಗೂ ಪರಿಹಾರ ಸಲ್ಲತಕ್ಕದ್ದೆಂಬುದು ಅದರ ಉದ್ದೇಶಗಳಲ್ಲೊಂದು. ಆದರೆ ಪರಿಹಾರದ ಹಣವು ಬೆರಳನ್ನು ಮರಳಿ ಕೊಡಲಾರದು. ಕೂಲಿಯ ಆಳಿಗೆ ಕೈಯೇ ಜಮೀನು. ಅದು ಹೋದರೆ ಅವನ ಸಂಸಾರಕ್ಕೆ ಬೇರೆ ಆಸ್ತಿಯಿಲ್ಲ. ಯಂತ್ರದ ಮುಂದೆ ನಿಲ್ಲುವವನು ಬಹುಮಟ್ಟಿಗೆ ಯಂತ್ರದ ಒಡೆಯನಲ್ಲ ಎಂಬುದನ್ನು ಒಡೆಯರಾದವರು ಮರೆಯಕೂಡದು.

ಗ್ರಾಮಮುಖಂಡರು ತಮ್ಮ ಊರಿನಲ್ಲಿ ಇಂಥ ಯಂತ್ರಗಳು ಎಷ್ಟಿವೆ, ಅವುಗಳಲ್ಲಿ ನೋವೋಲ್ಟ್ ರಕ್ಷಣೆಯುಳ್ಳವು ಎಷ್ಟು ಎಂಬುದನ್ನು ಒಂದು ದಿನ ಸುತ್ತಿ ಬಂದು ಪಟ್ಟಿಮಾಡಬಹುದು. ಐದಾರು ಮನೆಯವರು ಕೂಡಿ ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿದರೆ ಒಂದೇ ದಿನದಲ್ಲಿ ಎಲ್ಲರ ಕೆಲಸವೂ ಆಗಿ ಖರ್ಚು ಕಡಿಮೆಯಾಗುತ್ತದೆ. ಬಾಡಿಗೆಗೆ ಕೊಡುವ ಯಂತ್ರಗಳಿಗೆ ರಕ್ಷಣೆಯ ಸ್ವಿಚ್ಚಿಲ್ಲದೆ ಊರಿನಲ್ಲಿ ಕೆಲಸವಿಲ್ಲವೆಂದು ಒಂದು ಕಟ್ಟುಪಾಡನ್ನು ಮಾಡಿಕೊಂಡರೆ ಯಂತ್ರದವರೂ ಬೇಗನೆ ದಾರಿಗೆ ಬರುತ್ತಾರೆ. ಈ ಸ್ವಿಚ್ಚುಗಳಿಗೆ ತಗಲುವ ವೆಚ್ಚವು ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಅಂಶ ಮಾತ್ರ.

ಸಾರಾಂಶ

೧. ಕತ್ತರಿಸುವ, ಕೊಯ್ಯುವ, ಅರೆಯುವ ಪ್ರತಿಯೊಂದು ಯಂತ್ರಕ್ಕ��ೂ ತನ್ನದೇ ಆದ ನೋವೋಲ್ಟ್ ಸ್ಟಾರ್ಟರು ಇರಬೇಕು.

೨. ನಿಲ್ಲಿಸುವ ಗುಂಡಿಗಳು ಒಂದೇ ಸಾಲಿನಲ್ಲಿ, ಫೇಸಿನ ಕಡೆಯಲ್ಲಿ, ಒತ್ತಿದಾಗ ಬಿಟ್ಟುಕೊಳ್ಳುವಂಥವಾಗಿರಬೇಕು.

೩. ಕೆಂಪು ಗುಂಡಿಯು ಯಾವ ಕೈ ಸಿಕ್ಕಿದರೂ ಮತ್ತೊಂದು ಕೈಗೆ ಎಟುಕಬೇಕು.

೪. ಓವರ್‌ಲೋಡ್ ರಿಲೇಯು ತಗಡಿನ ಅಂಕಿಗೆ ನಿಂತಿರಬೇಕು. ಭೂಸಂಪರ್ಕವೂ ಆರ್‌ಸಿಸಿಬಿಯೂ ತಪ್ಪದೆ ಇರಬೇಕು.

೫. ತಾನಾಗಿ ಹೊರಡಿಸುವ ಸಾಧನ, ಬೆಣೆ, ರಬ್ಬರು ಇವು ವರ್ಜ್ಯ.

೬. ದುರಸ್ತಿಯ ಕಾಲದಲ್ಲಿ ಮೈನ್ ಸ್ವಿಚ್ಚಿಗೆ ಬೀಗ. ಕೀಲಿಕೈ ದುರಸ್ತಿ ಮಾಡುವವನ ಬಳಿ.

೭. ತಿಂಗಳಿಗೊಮ್ಮೆ ಪರೀಕ್ಷೆ, ತಪ್ಪಿದ ಯಂತ್ರಕ್ಕೆ ಅಂದೇ ವಿಶ್ರಾಂತಿ.

ಮುಂದಿನ ಅಮಾವಾಸ್ಯೆಯೊಳಗೆ ವಾಚಕರು ತಮ್ಮ ತಮ್ಮ ಕೊಟ್ಟಿಗೆಗಳಲ್ಲಿ ಮೊದಲನೆಯ ಪರೀಕ್ಷೆಯೊಂದನ್ನಾದರೂ ಮಾಡಿ ನೋಡುವರೆಂದು ನಂಬಲಾಗಿದೆ. ಅದಕ್ಕೆ ಎರಡು ನಿಮಿಷಗಳಿಗಿಂತ ಹೆಚ್ಚು ಕಾಲ ಹಿಡಿಯದು.